ದನದ ಹೆಜ್ಜೆಗೆ ಎಷ್ಟು ಮಿಲಿಮೀಟರ್?

ಮಳೆಗಾಲದಲ್ಲಿ ಎರೆಹೊಲದ ಬಂಡಿದಾರಿ ಮೇಲೆ ದನ ನಡೆದರೆ ಗೊರಸು ನಾಲ್ಕು ಬೆರಳು ಇಳಿಯುತ್ತದೆ. ಮಳೆ ಹಿಂದೆ ಸರಿದು ಹದಿನೈದು ದಿನ ಬಿಸಿಲು ಕಾಯ್ದರೆ ಸಾಕು, ಆ ಹೆಜ್ಜೆಗಳು ಸುಟ್ಟ ಇಟ್ಟಿಗೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತವೆ. ಅದರ ಪಕ್ಕ ಟ್ರ್ಯಾಕ್ಟರ್ ಗಾಲಿಯ ಜಾಡು, ನಡುವೆ ದಿಬ್ಬ, ಅಡ್ಡಡ್ಡ ಬಿರುಕು. ಜೇವರ್ಗಿ, ಅಫಜಲಪುರ, ಚಿತ್ತಾಪುರದ ಕಡೆ, ಭೀಮಾ ದಂಡೆಯ ಊರೂರ ನಡುವೆ ಸಿಗುವ ಹಾದಿ ಇದೇ. ದೊಡ್ಡ ಏರಿಲ್ಲ, ದೊಡ್ಡ ಇಳಿಜಾರೂ ಇಲ್ಲ. ಆದರೂ ಇಂಥ ಹಾದಿಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೀಟಿನ ಮೇಲೆ ಕೂತೇ ತುಳಿಯುತ್ತೇನೆ ಅಂದರೆ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಶಾಕ್ (ಗುದ್ದು ಹೀರುವ ಭಾಗ) ಇರುವ ಸೈಕಲ್, ಬಿಡುವುದಿಲ್ಲ. ಹಿಂದಿನ ಗಾಲಿ ಒಂದೊಂದು ಹೆಜ್ಜೆಗೂ ಗುದ್ದುತ್ತದೆ, ಸೊಂಟ ಎಗರುತ್ತದೆ, ಪೆಡಲ್‌ನ ಲಯ ತಪ್ಪುತ್ತದೆ. ಎದ್ದು ನಿಂತು ತುಳಿದರೆ ಐದು ಕಿಲೋಮೀಟರಿಗೇ ತೊಡೆ ಸೋಲುತ್ತದೆ.

ಫುಲ್ ಸಸ್ಪೆನ್ಶನ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಸೈಕಲ್, ಅಂದ ಕೂಡಲೇ ಗುಡ್ಡದಿಂದ ಧುಮುಕುವ ಚಿತ್ರ ಕಣ್ಣಿಗೆ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅದರ ಕೆಲಸ ಬೇರೆ. ಇಲ್ಲಿ ಅದು ಬೇಕಾಗುವುದು ಸಮತಟ್ಟಾದ ಒರಟು ನೆಲದಲ್ಲಿ ಕೂತು ತುಳಿಯಲಿಕ್ಕೆ. ಅಂತರರಾಷ್ಟ್ರೀಯ ರೇಸ್‌ಗಳಲ್ಲೂ ಕ್ರಾಸ್ ಕಂಟ್ರಿಯವರು ಫುಲ್ ಸಸ್ಪೆನ್ಶನ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಯಾರೊಸ್ಲಾವ್ ಕುಲ್ಹಾವಿ ಸ್ಪೆಷಲೈಸ್ಡ್ ಎಪಿಕ್ ಮೇಲೆ, 2016ರ ರಿಯೊದಲ್ಲಿ ನಿನೊ ಶುರ್ಟರ್ ಸ್ಕಾಟ್ ಸ್ಪಾರ್ಕ್ ಮೇಲೆ ಚಿನ್ನ ಗೆದ್ದರು. ಎರಡೂ ಹಿಂದೆ ಶಾಕ್ ಇರುವ ಸೈಕಲ್‌ಗಳೇ.

ಎರಡನೆಯ ಸಂಗತಿ, ದೂರ. ಶಾಕ್ ಬಿಚ್ಚಿ ಸರ್ವಿಸ್ ಮಾಡುವ ಅಂಗಡಿ ಬೇಕೆಂದರೆ ಬೀದರಿನವರು ಸುಮಾರು 140 ಕಿ.ಮೀ., ಕಲಬುರಗಿಯವರು ಸುಮಾರು 220 ಕಿ.ಮೀ. ದೂರದ ಹೈದರಾಬಾದಿಗೆ ಹೋಗಬೇಕು, ಇಲ್ಲವೇ ಪುಣೆಗೆ. ಆದ್ದರಿಂದ ಸೈಕಲ್ ಆರಿಸುವಾಗ ಕ್ಯಾಟಲಾಗಿನ ಅಂಕಿಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಲ್ಲಿ ಏನೇನು ನನ್ನ ಕೈಯಲ್ಲೇ ರಿಪೇರಿ ಆಗುತ್ತದೆ, ಏನೇನು ಬಸ್ಸು ಹತ್ತಬೇಕಾಗುತ್ತದೆ?

ಮೊದಲು ಒಂದನ್ನು ಬದಿಗಿಡೋಣ. ಹದಿನೈದು–ಇಪ್ಪತ್ತು ಸಾವಿರಕ್ಕೆ ಊರ ಅಂಗಡಿಗಳಲ್ಲಿ ಸಿಗುವ, ನಡುವೆ ದಪ್ಪ ಸ್ಪ್ರಿಂಗ್ ಕಾಣುವ ‘ಡಬಲ್ ಶಾಕರ್’ ಸೈಕಲ್. ಆ ಸ್ಪ್ರಿಂಗಿನ ಒಳಗೆ ಕುಣಿತ ತಡೆಯುವ ಎಣ್ಣೆಯ ಡ್ಯಾಂಪರ್ ಇರುವುದಿಲ್ಲ, ಬರೀ ಸ್ಪ್ರಿಂಗ್. ಒತ್ತಿದ್ದನ್ನು ಅಷ್ಟೇ ಜೋರಾಗಿ ವಾಪಸ್ ಒದೆಯುತ್ತದೆ. ಪೆಡಲ್ ತುಳಿದಾಗಲೆಲ್ಲ ಕುಣಿಯುತ್ತದೆ. ಹಿಂಬದಿ ಮಡಚುವ ಕೀಲಿನಲ್ಲಿ (ಪಿವಟ್) ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್, ತೂಕ 18 ಕೆ.ಜಿ. ಆಸುಪಾಸು. ಎರಡು ಮಳೆಗಾಲದಲ್ಲಿ ಹಿಂಬದಿ ಲಟಲಟ ಅನ್ನತೊಡಗುತ್ತದೆ. ಹಾದಿಗೆ ಒಗ್ಗುವ ಫುಲ್ ಸಸ್ಪೆನ್ಶನ್ ಹೊಸದು ಬೇಕೆಂದರೆ ಬೆಲೆ ಲಕ್ಷದ ಮೇಲೇ ಶುರು. ಅಷ್ಟು ಹಣ ಇಲ್ಲದಿದ್ದರೆ ಏರ್ ಫೋರ್ಕ್ (ಹವಾ ತುಂಬುವ ಮುಂದಿನ ಶಾಕ್) ಇರುವ ಹಾರ್ಡ್‌ಟೇಲ್‌ಗೆ 2.4 ಇಂಚಿನ ಟ್ಯೂಬ್‌ಲೆಸ್ ಟೈರ್ ಹಾಕಿ ಓಡಿಸುವುದು ಎಷ್ಟೋ ವಾಸಿ. ಇದರಲ್ಲಿ ನಮಗೆ ಯಾವ ಅನುಮಾನವೂ ಇಲ್ಲ.

ಇನ್ನು ಟ್ರಾವೆಲ್, ಅಂದರೆ ಗಾಲಿ ಮೇಲೆ ಕೆಳಗೆ ಆಡುವ ದೂರ. ರೇಸ್‌ಗೆಂದು ಮಾಡಿದವು 100ರಿಂದ 120 ಮಿ.ಮೀ., ಗುಡ್ಡದ ಹಾದಿಗೆಂದು ಮಾಡಿದ ಟ್ರೇಲ್ ಸೈಕಲ್‌ಗಳು 130–150. ಈ ಮೂರು ಜಿಲ್ಲೆಗಳಿಗೆ ಹಿಂದೆ 110–120, ಮುಂದೆ 120 ಸಾಕು. ನಾಲ್ಕು ಬೆರಳಿನ ಗೊರಸಿನ ಗುಂಡಿಗೆ 150 ಮಿ.ಮೀ. ಹೊತ್ತು ತಿರುಗುವುದು ತೊಗರಿ ಅಳೆಯಲು ಲಾರಿ ತೂಕದ ಕಾಂಟಾಕ್ಕೆ ಹೋದ ಹಾಗೆ. ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಆಚೀಚೆ, ಸುರಪುರದ ಬೆಟ್ಟಗಳಲ್ಲಿ, ಯಾದಗಿರಿ ಕೋಟೆಯ ಸುತ್ತ ಗ್ರಾನೈಟ್ ಬಂಡೆಗಳ ಮೇಲಿಂದ ಇಳಿಯುವವರು ಮಾತ್ರ ಮುಂದೆ 130 ನೋಡಬಹುದು. ಅಲ್ಲೂ ಟ್ರಾವೆಲ್‌ಗಿಂತ ಹೆಡ್ ಆ್ಯಂಗಲ್, ಅಂದರೆ ಫೋರ್ಕ್ ಓರೆಯಾಗಿ ನಿಂತ ಕೋನ, ಹೆಚ್ಚು ಕೆಲಸ ಮಾಡುತ್ತದೆ. 69 ಡಿಗ್ರಿಯ ಹಳೆ ರೇಸ್ ಸೈಕಲ್ ಬಂಡೆಯ ಅಂಚಿನಲ್ಲಿ ಮುಗ್ಗರಿಸಿದಂತೆ ಅನಿಸಿದರೆ, 66–67 ಡಿಗ್ರಿಯದು ಮುಂದಿನ ಗಾಲಿಯನ್ನು ಒಂದಿಷ್ಟು ಮುಂದಕ್ಕೆ ಚಾಚಿ ಧೈರ್ಯ ಕೊಡುತ್ತದೆ. ಸೀಟ್ ಟ್ಯೂಬ್ (ಸೀಟು ಕೂರುವ ಕೊಳವೆ) 75–76 ಡಿಗ್ರಿ ಇದ್ದರೆ ಕೂತು ತುಳಿಯುವಾಗ ಭಾರ ಹಿಂದೆ ಜೋಲುವುದಿಲ್ಲ.

ಟ್ರಾವೆಲ್ ಹೆಚ್ಚಿದಷ್ಟೂ ಪೆಡಲ್ ನೆಲಕ್ಕೆ ಹತ್ತಿರವಾಗುತ್ತದೆ, ಇದನ್ನು ಹೆಚ್ಚಿನವರು ಲೆಕ್ಕ ಹಾಕುವುದಿಲ್ಲ. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಜಾಗ) ನೆಲದಿಂದ 335 ಮಿ.ಮೀ. ಎತ್ತರ ಇದೆ ಅಂದುಕೊಳ್ಳಿ. ನೀವು ಕೂತಾಗ ಸಸ್ಪೆನ್ಶನ್ ತಗ್ಗಿ ಸುಮಾರು 30 ಮಿ.ಮೀ. ಇಳಿಯುತ್ತದೆ. ಕ್ರ್ಯಾಂಕ್ (ಪೆಡಲ್ ಹಿಡಿದ ತೋಳು) 170 ಮಿ.ಮೀ., ಪೆಡಲ್‌ನ ಅರ್ಧ ದಪ್ಪ 10. ಉಳಿದದ್ದು 125 ಮಿ.ಮೀ. ಒಂದು ಗೇಣಿಗೂ ಕಡಿಮೆ! ಟ್ರ್ಯಾಕ್ಟರ್ ಜಾಡಿನೊಳಗೆ ಗಾಲಿ ಇಳಿಸಿದರೆ ನಡುವಿನ ದಿಬ್ಬಕ್ಕೆ ಪೆಡಲ್ ಬಡಿಯುವುದು ಗ್ಯಾರಂಟಿ. ಆದ್ದರಿಂದ ಕೂತು ನೋಡುವಾಗ ಈ ಲೆಕ್ಕ ಮಾಡಿ. 175ರ ಕ್ರ್ಯಾಂಕ್ ಬಂದಿದ್ದರೆ 165 ಅಥವಾ 170ಕ್ಕೆ ಬದಲಿಸಿಕೊಡುವಂತೆ ಅಂಗಡಿಯಲ್ಲೇ ಕೇಳಿ.

ಹಿಂಬದಿಯ ಲಿಂಕೇಜ್, ಅಂದರೆ ಹಿಂದಿನ ಗಾಲಿ ಮೇಲೆ ಕೆಳಗೆ ಆಡಲು ಬಿಡುವ ಸರಳುಗಳ ಜೋಡಣೆ, ಅದರ ಬಗ್ಗೆ ಕಂಪನಿಗಳು ಹೇಳುವುದು ಬಹಳ. ಒಬ್ಬರದು ಹಾರ್ಸ್ಟ್ ಲಿಂಕ್, ಇನ್ನೊಬ್ಬರದು ಡಿಡಬ್ಲ್ಯು ಲಿಂಕ್, ಮತ್ತೊಬ್ಬರದು ಮಾಎಸ್ಟ್ರೊ. ಇವುಗಳ ಗುಣದೋಷದ ಚರ್ಚೆ ಚೆನ್ನಾಗಿಯೇ ಇದೆ, ಆದರೆ ಎರೆಧೂಳಿನ ಊರಿನವರು ಮೊದಲು ಬೇರಿಂಗ್ ಎಣಿಸಬೇಕು. ನಾಲ್ಕು ಕಡೆ ಮಡಚುವ ಲಿಂಕೇಜ್‌ನಲ್ಲಿ ಎಂಟೋ ಹತ್ತೋ ಬೇರಿಂಗ್ ಇರುತ್ತವೆ. ಹಿಂದಿನ ಗಾಲಿ ಹಿಡಿದ ಕೊಳವೆ (ಸ್ಟೇ) ತಾನೇ ಕೊಂಚ ಬಾಗುವಂತೆ ಮಾಡಿ ಅಲ್ಲಿನ ಪಿವಟ್ ಕೈಬಿಟ್ಟ ವಿನ್ಯಾಸಗಳಲ್ಲಿ, ಉದಾಹರಣೆಗೆ ಸಾಂಟಾ ಕ್ರೂಜ್ ಬ್ಲರ್, ಕ್ಯಾನನ್‌ಡೇಲ್ ಸ್ಕಾಲ್ಪೆಲ್‌ನ ಈಚಿನ ಮಾದರಿಗಳಲ್ಲಿ, ಆ ಲೆಕ್ಕ ಕಡಿಮೆಯಾಗುತ್ತದೆ. ಒಂದು ಬೇರಿಂಗ್ ಕಡಿಮೆ ಇದ್ದರೆ ಕರಕರ ಸದ್ದಿಗೆ ಒಂದು ಜಾಗ ಕಡಿಮೆ.

ಮುಖ್ಯ ಬೇರಿಂಗ್‌ಗಳ ನಂಬರ್ ಕೇಳಿ ಬರೆದುಕೊಳ್ಳಿ. 6902 ಎಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ.; 6900 ಎಂದರೆ 10–22–6. ಇವು ಸೈಕಲ್‌ಗೆಂದೇ ಮಾಡಿದ ವಸ್ತುಗಳಲ್ಲ, ಯಂತ್ರದ ಬೇರಿಂಗ್ ಮಾರುವ ಅಂಗಡಿಯಲ್ಲಿ ನಂಬರ್ ಹೇಳಿದರೆ ಕೊಡುತ್ತಾರೆ. ‘2ಆರ್‌ಎಸ್’ ಎಂದು ಬರೆದದ್ದನ್ನೇ ತನ್ನಿ, ಎರಡೂ ಬದಿ ರಬ್ಬರ್ ಸೀಲ್ ಇರುತ್ತದೆ. ಪಿವಟ್ ಬೇರಿಂಗ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಆಚೀಚೆ ಆಡುತ್ತದೆ. ಹಾಗಾಗಿ ಗುಂಡುಗಳು ಒಂದೇ ಜಾಗದಲ್ಲಿ ಕೂತು ಅಲ್ಲೇ ಗುಣಿ ಬೀಳಿಸುತ್ತವೆ. ಒಳಗಿನ ಪಂಜರ ತೆಗೆದು ಗುಂಡು ಹೆಚ್ಚು ತುಂಬಿದ ‘ಮ್ಯಾಕ್ಸ್’ ನಮೂನೆಯವು ಇಲ್ಲಿ ಜಾಸ್ತಿ ತಾಳುತ್ತವೆ. ಹಾಕುವಾಗ ಸುತ್ತಿಗೆಯಿಂದ ಬಡಿಯಬಾರದು. ಉದ್ದದ ಬೋಲ್ಟು, ಎರಡು ವಾಷರ್, ನಟ್ ಇಟ್ಟು ನಿಧಾನಕ್ಕೆ ಬಿಗಿಯುತ್ತ ಒಳಸೇರಿಸಬೇಕು. ಹೊರಗಿನ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಲಿ. ಪಿವಟ್ ಬೋಲ್ಟಿಗೆ ನೀಲಿ ಥ್ರೆಡ್‌ಲಾಕ್ ಒಂದು ಹನಿ, ಬಿಗಿತ ಫ್ರೇಮಿನ ಮೇಲೆ ಬರೆದಷ್ಟೇ ನ್ಯೂಟನ್ ಮೀಟರ್. ಟಾರ್ಕ್ ವ್ರೆಂಚ್ ಇಲ್ಲದೆ ಫುಲ್ ಸಸ್ಪೆನ್ಶನ್ ಕೊಳ್ಳುವುದೇ ಬೇಡ.

ಬೇರಿಂಗಿಗೆ ಧೂಳಿಗಿಂತ ದೊಡ್ಡ ಶತ್ರು ಇನ್ನೊಂದಿದೆ, ಬೈಕ್ ವಾಷಿಂಗ್ ಸೆಂಟರಿನ ಪ್ರೆಶರ್ ಪೈಪು. ಎರೆಮಣ್ಣು ಮೆತ್ತಿದೆ ಎಂದು ಅಲ್ಲಿಗೆ ಒಯ್ದರೆ ನೀರು ಸೀಲ್ ದಾಟಿ ಒಳನುಗ್ಗುತ್ತದೆ, ಗ್ರೀಸ್ ಹೊರಡುತ್ತದೆ. ಮಣ್ಣು ಒಣಗಲಿಕ್ಕೆ ಬಿಡಿ. ಒಣಗಿದ ಎರೆಮಣ್ಣು ತಾನೇ ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ, ಉಳಿದದ್ದಕ್ಕೆ ಮೆತ್ತನೆ ಬ್ರಶ್ಶು, ಒಂದು ಬಕೆಟ್ ನೀರು. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣು ಇಷ್ಟು ಕಾಡುವುದಿಲ್ಲ, ಮಳೆ ನಿಂತ ಮರುದಿನವೇ ಅಷ್ಟೂರು ಕಡೆಯ ಹಾದಿಯಲ್ಲಿ ಓಡಿಸಬಹುದು. ಎರೆಹೊಲದಲ್ಲಿ ಮಳೆಯಾದರೆ ಎರಡು ಮೂರು ದಿನ ಸೈಕಲ್ ಹೊರಗೆ ತೆಗೆಯಲೇಬೇಡಿ. ನೂರು ಹೆಜ್ಜೆಯಲ್ಲಿ ಟೈರ್ ಮತ್ತು ಚೈನ್‌ಸ್ಟೇ (ಚೈನಿನ ಪಕ್ಕದ ಕೊಳವೆ) ನಡುವೆ ಮಣ್ಣು ಕಟ್ಟಿ ಗಾಲಿ ತಿರುಗುವುದೇ ಇಲ್ಲ, ಹೊತ್ತುಕೊಂಡು ಬರಬೇಕು. ಟೈರ್‌ನ ಎರಡೂ ಬದಿ ಕಡಿಮೆ ಅಂದರೆ 6 ಮಿ.ಮೀ. ಸಂದು ಇರುವ ಫ್ರೇಮ್ ನೋಡುವುದು ಇದಕ್ಕೇ.

ಶಾಕ್‌ನ ವಿಷಯಕ್ಕೆ ಬಂದರೆ, ಅದು ಎಲ್ಲರಿಗೂ ಸಿಗುವ ಸಾಮಾನ್ಯ ಅಳತೆಯದೇ ಎಂದು ಮೊದಲು ನೋಡಿ. 190×45 ಅಂದರೆ ಕಣ್ಣಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟ್ ತೂತುಗಳ ನಡುವೆ) 190 ಮಿ.ಮೀ., ಒಳಸರಿಯುವ ಸ್ಟ್ರೋಕ್ 45. ಇಂಥದ್ದು ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಹವಾ ತೆಗೆದು ಡಬ್ಬಿಯಲ್ಲಿಟ್ಟು ಕೊರಿಯರ್ ಮಾಡಿದರೆ ಸೈಕಲ್ ಮನೆಯಲ್ಲೇ ಇರುತ್ತದೆ, ಸರ್ವಿಸ್‌ಗೆ ಶಾಕ್ ಮಾತ್ರ ಹೋಗಿಬರುತ್ತದೆ. ಹಳೆಯ ಎಪಿಕ್‌ಗಳ ‘ಬ್ರೇನ್’ ಶಾಕ್, ಟ್ರೆಕ್ ಸೂಪರ್‌ಕ್ಯಾಲಿಬರ್‌ನ ಫ್ರೇಮಿಗೇ ಸೇರಿಕೊಂಡ ಐಸೊಸ್ಟ್ರಟ್, ಇವು ಜಾಣ ವಿನ್ಯಾಸಗಳೇ. ಆದರೆ ಕೆಟ್ಟರೆ ಆ ಕಂಪನಿಯ ಬಾಗಿಲಿಗೇ ಹೋಗಬೇಕು. ನಮ್ಮ ಕಡೆಗೆ ಬೇಡ.

120 ಮಿ.ಮೀ. ಟ್ರಾವೆಲ್‌ಅನ್ನು 45 ಮಿ.ಮೀ. ಸ್ಟ್ರೋಕ್‌ನಿಂದ ಭಾಗಿಸಿದರೆ 2.67. ಇದು ಸರಾಸರಿ ಲೆವರೇಜ್, ಅಂದರೆ ಶಾಕ್ ಒಂದು ಮಿ.ಮೀ. ಒಳಸರಿದರೆ ಗಾಲಿ ಎಷ್ಟು ಏಳುತ್ತದೆ ಎಂಬ ಲೆಕ್ಕ. ಅದೇ 120ಕ್ಕೆ 40ರ ಸ್ಟ್ರೋಕ್ ಇದ್ದರೆ 3 ಆಗುತ್ತದೆ; ಆಗ ಅದೇ ಭಾರ ಹೊರಲು ಶಾಕ್‌ನಲ್ಲಿ ಹವಾ ಹೆಚ್ಚು ಬೇಕು, ಸೀಲ್ ಮೇಲೆ ಹೊರೆ ಹೆಚ್ಚು. 90 ಕೆ.ಜಿ. ದಾಟಿದವರು, ಮೂರು ಲೀಟರ್ ನೀರು ಬೆನ್ನಿಗೆ ಕಟ್ಟಿಕೊಳ್ಳುವವರು ಈ ಅಂಕಿ 2.7ರ ಒಳಗಿರುವುದನ್ನು ಆರಿಸಿದರೆ ಒಳ್ಳೆಯದು.

ಹವಾ ಹಾಕುವ ಕ್ರಮ. ಸಾಮಾನ್ಯ ಪಂಪ್ ನಡೆಯುವುದಿಲ್ಲ, 300 ಪಿಎಸ್‌ಐ ವರೆಗೆ ಹೋಗುವ ಶಾಕ್ ಪಂಪ್ ಬೇಕು. ತೂಕ ಪೌಂಡಿನಲ್ಲಿ ಎಷ್ಟೋ ಅಷ್ಟು ಪಿಎಸ್‌ಐಯಿಂದ ಶುರು ಮಾಡಿ, 70 ಕೆ.ಜಿ.ಗೆ 154 ಪೌಂಡ್, ಅಂದರೆ ಸುಮಾರು 155. ಒಂದೇ ಸಲ ತುಂಬಬೇಡಿ. 50 ಹಾಕಿ ಸೀಟು ಹತ್ತು ಸಲ ನಿಧಾನ ಒತ್ತಿ, ಮತ್ತೆ 50, ಮತ್ತೆ ಒತ್ತಿ. ಶಾಕ್ ಒಳಗಿನ ಇನ್ನೊಂದು (ನೆಗೆಟಿವ್) ಕೋಣೆಗೂ ಹವಾ ಸಮನಾಗಿ ಹೋಗಬೇಕು, ಇಲ್ಲದಿದ್ದರೆ ಈಗ ಗೇಜ್ ಸರಿ ತೋರಿಸಿದರೂ ಓಡಿಸತೊಡಗಿದ ಮೇಲೆ ಹವಾ ಆ ಕೋಣೆಗೆ ಹೋಗಿ ಒತ್ತಡ ಇಳಿಯುತ್ತದೆ. ಆಮೇಲೆ ಹೆಲ್ಮೆಟ್, ಬೂಟು, ನೀರಿನ ಚೀಲ ಎಲ್ಲ ಹಾಕಿಕೊಂಡು ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಕುಲುಕದೆ ಇಳಿಯಿರಿ. 45ರ ಸ್ಟ್ರೋಕಿಗೆ ಉಂಗುರ 11 ಮಿ.ಮೀ. ಸರಿದಿದ್ದರೆ ಸ್ಯಾಗ್ (ಕೂತಾಗ ಶಾಕ್ ತಗ್ಗುವ ಪಾಲು) ಸುಮಾರು ಶೇ. 25. ದನದ ಹೆಜ್ಜೆಯ ಹಾದಿಗೆ ಅದೇ ಸರಿ. ರೇಸಿನವರು ಹೇಳುವ ಶೇ. 20 ಇಲ್ಲಿ ಗಡಸು, ಗಾಲಿ ಗುಂಡಿಯೊಳಗೆ ಇಳಿಯದೆ ಅಂಚಿನಿಂದ ಅಂಚಿಗೆ ಹಾರುತ್ತದೆ. ಫೋರ್ಕಿಗೆ ಶೇ. 15–20. ಪಂಪ್ ತೆಗೆಯುವಾಗ ಬುಸ್ ಅನ್ನುವುದು ಪೈಪಿನ ಹವಾ, ಶಾಕಿನದಲ್ಲ. ಮತ್ತೆ ಪಂಪ್ ಹಚ್ಚಿದಾಗ ಗೇಜ್ ಕಡಿಮೆ ತೋರಿಸುವುದೂ ಪೈಪು ತುಂಬಲು ಹವಾ ಹೋದದ್ದರಿಂದಲೇ. ಲೀಕ್ ಎಂದು ಗಾಬರಿಯಾಗಬೇಡಿ.

ಬಿಸಿಲಿನ ಲೆಕ್ಕ ಬೇರೆ. ಬೆಳಿಗ್ಗೆ 22 ಡಿಗ್ರಿಯಲ್ಲಿ 180 ಪಿಎಸ್‌ಐ ಹಾಕಿದ ಶಾಕ್, ಮಧ್ಯಾಹ್ನ 42 ಡಿಗ್ರಿಗೆ ಕಾದರೆ ಸುಮಾರು 193 ಆಗುತ್ತದೆ. ಟೈರ್‌ನಲ್ಲಿ 22 ಇದ್ದದ್ದು 24ರ ಮೇಲೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದಕ್ಕೆ ಹೊರಡುವವರು ಹಿಂದಿನ ದಿನ ಮಧ್ಯಾಹ್ನ ಅಂಗಳದಲ್ಲಿ ಹವಾ ನೋಡಿಟ್ಟರೆ ಬೆಳಿಗ್ಗೆ ಸೈಕಲ್ ಮೆತ್ತಗಾಗಿರುತ್ತದೆ. ಹೊರಡುವ ಹೊತ್ತಿನ ತಂಪಿನಲ್ಲೇ ನೋಡಿ. ಒತ್ತಿದ ಶಾಕ್ ವಾಪಸ್ ಏಳುವ ವೇಗ ಹೊಂದಿಸುವ ರಿಬೌಂಡ್ ತಿರುಪನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಎಷ್ಟು ಕ್ಲಿಕ್ ಬಿಚ್ಚಿದಿರಿ ಎಂದು ಬರೆದಿಡಿ. ಸಾಲುಸಾಲು ಗುಂಡಿಗಳಲ್ಲಿ ಸೈಕಲ್ ಕುಗ್ಗುತ್ತ ಕುಗ್ಗುತ್ತ ಗಡಸಾದರೆ ರಿಬೌಂಡ್ ನಿಧಾನವಾಗಿದೆ, ಒಂದೆರಡು ಕ್ಲಿಕ್ ಬಿಚ್ಚಬೇಕು. ಸೀಟು ಒದ್ದಂತಾದರೆ ಮುಚ್ಚಬೇಕು. ಫೋರ್ಕಿನ ಕೆಳಕಾಲು ಬಿಚ್ಚಿ ಎಣ್ಣೆ ಬದಲಿಸುವುದಕ್ಕೆ ಫೋರ್ಕ್ ಕಂಪನಿ ರಾಕ್‌ಶಾಕ್ಸ್ ಹೇಳುವುದು 50 ಗಂಟೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ ಮೂರು ತಿಂಗಳು. ಎರೆಧೂಳಿನಲ್ಲಿ ಇದನ್ನು ಮುಂದೂಡಿದರೆ ಮೊದಲು ಸವೆಯುವುದು ಸ್ಟ್ಯಾಂಚಿಯನ್ (ಒಳಸರಿಯುವ ನುಣುಪು ಕೊಳವೆ) ಮೇಲಿನ ಲೇಪ, ಅದು ಹೋದರೆ ಫೋರ್ಕೇ ಹೋದ ಹಾಗೆ.

ಟೈರ್‌ಗೆ ಬರುವ ಹೊತ್ತಿಗೆ ಹಣ ಮುಗಿದಿರುತ್ತದೆ, ಅದು ತಪ್ಪು. ಬಳ್ಳಾರಿ ಜಾಲಿಯ ಮುಳ್ಳು ಒಂದೂವರೆ ಇಂಚು ಉದ್ದ ಇರುವುದು ಸಾಮಾನ್ಯ. ಟ್ಯೂಬ್ ಇದ್ದರೆ ಕೆಳಗಿನ ಪದರ ದಾಟಿ ಮೇಲಿನದನ್ನೂ ತೂತು ಮಾಡುತ್ತದೆ. ನೆಗ್ಗಿಲ ಮುಳ್ಳು ಒಂದೇ ಸಲಕ್ಕೆ ಹತ್ತಾರು ಕಡೆ ಹತ್ತುತ್ತದೆ. ಆದ್ದರಿಂದ ಟ್ಯೂಬ್‌ಲೆಸ್ ಕಡ್ಡಾಯ. 29 ಇಂಚಿನ 2.35 ಟೈರಿಗೆ ಒಂದೊಂದಕ್ಕೆ 100–120 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ). ಡಬ್ಬಿಯ ಮೇಲೆ ಮೂರು ತಿಂಗಳು ಎಂದಿದ್ದರೂ ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ವಾಲ್ವ್ ಕೋರ್ ಬಿಚ್ಚಿ ಕಡ್ಡಿ ಅದ್ದಿ ನೋಡಿ, ಒಣಗಿ ತೊಗಲಾಗಿರುತ್ತದೆ. ಟೈರ್ ಅಂಚು ರಿಮ್ಮಿಗೆ ಕೂರಿಸಲು ಕೈಪಂಪು ಸಾಲದು. ವಾಲ್ವ್ ತುದಿಯ ತಿರುಪು ಸಡಿಲಿಸಿ, ಸಣ್ಣ ಪ್ರೆಸ್ಟಾ ಅಡಾಪ್ಟರ್ (ಸೈಕಲ್‌ನ ಸಪೂರ ವಾಲ್ವಿಗೆ ಕಂಪ್ರೆಸರಿನ ಪೈಪು ಹೊಂದಿಸುವ ತುಣುಕು) ಹಾಕಿ, ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಒಮ್ಮೆಲೇ ಹವಾ ಬಿಟ್ಟರೆ ಟಪ್ ಟಪ್ ಎಂದು ಎರಡು ಸದ್ದು ಬಂದು ಕೂರುತ್ತದೆ. ಲಾರಿ ಟೈರಿಗೆ ಬಿಡುವ ಕೈ ಅದು, ರಿಮ್ ಮೇಲೆ ಬರೆದ ಮಿತಿ ಮೊದಲೇ ಹೇಳಿಬಿಡಿ.

ಮುಳ್ಳಿಗೆ ಸೀಲಂಟ್ ಸಾಕು, ತೊಗರಿ ಕೂಳೆಗೆ ಸಾಲದು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿ ಬುಡ ಹೊಲದಲ್ಲಿ ಚೂಪಾಗಿ ನಿಂತಿರುತ್ತದೆ. ಎಳ್ಳಮಾಸಿ ಕಳೆದು ರಾಶಿ ಮುಗಿದ ಹೊಲದ ಬದುವಿನಲ್ಲಿ ಹೊರಟರೆ ಟೈರಿನ ಪಕ್ಕೆ ಸೀಳುತ್ತದೆ. ಶಹಾಬಾದ್, ಸೇಡಂ ಕಡೆಯ ಫರಸಿ ಗಣಿಗಳ ಬಳಿ ಬಿದ್ದಿರುವ ಕಲ್ಲಿನ ಚಕ್ಕೆಯೂ ಹಾಗೆಯೇ. ಅದಕ್ಕೆ ಪಕ್ಕೆ ಬಲಪಡಿಸಿದ ಟೈರೇ ಬೇಕು. ಮ್ಯಾಕ್ಸಿಸ್‌ನಲ್ಲಾದರೆ ‘ಎಕ್ಸೊ’ ಎಂದು ಬರೆದಿರುತ್ತದೆ. ಹಿಂದೆ ಸಣ್ಣ ಗುಬುಟಿನ ಐಕಾನ್, ಮುಂದೆ ಕೊಂಚ ದೊಡ್ಡ ಗುಬುಟಿನ ರೆಕಾನ್, ಈ ಜೋಡಿ ಎರೆ, ಗರಸು ಎರಡಕ್ಕೂ ಹೊಂದುತ್ತದೆ. ಬೀದರಿನ ಜಂಬಿಟ್ಟಿಗೆ ಹಾದಿಯ ಮೇಲೆ ಹುರಿಗಡಲೆಯಂಥ ಉರುಟು ಹರಳು ಹರಡಿರುತ್ತದೆ, ತಿರುವಿನಲ್ಲಿ ಅದು ಟೈರ್ ಕೆಳಗೆ ಉರುಳುತ್ತದೆ. ಅಲ್ಲಿ ಮುಂದಿನ ಟೈರಿನ ಅಂಚಿನ ಗುಬುಟು ಚೆನ್ನಾಗಿದ್ದರೆ ಮಾತ್ರ ಬೀಳುವುದಿಲ್ಲ. 70 ಕೆ.ಜಿ.ಯವರಿಗೆ ಮುಂದೆ 20–21, ಹಿಂದೆ 23 ಪಿಎಸ್‌ಐ.

ಕೊನೆಗೂ ಟ್ಯೂಬ್ ಹಾಕಬೇಕಾಗಿ ಬಂದರೆ ಒಂದು ಎಚ್ಚರ. ಟ್ಯೂಬ್‌ಲೆಸ್ ಟೈರ್ ಒಳಗೆ ತಿಂಗಳುಗಟ್ಟಲೆ ಮುರಿದ ಮುಳ್ಳುಗಳು ಸದ್ದಿಲ್ಲದೆ ಕೂತಿರುತ್ತವೆ. ಅವನ್ನೆಲ್ಲ ಕೀಳದೆ ಟ್ಯೂಬ್ ಹಾಕಿದರೆ ಎರಡು ನಿಮಿಷಕ್ಕೆ ಮತ್ತೆ ಪಂಕ್ಚರ್. ಬಟ್ಟೆಯೊಂದನ್ನು ಒಳಗೆ ಸುತ್ತಲೂ ಎಳೆಯಿರಿ, ಸಿಕ್ಕಿಕೊಂಡ ಕಡೆಯೆಲ್ಲ ಮುಳ್ಳು ಇದೆ ಎಂದರ್ಥ. ಕೀಳಲು ಸಣ್ಣ ಇಕ್ಕಳ ಜೇಬಿನಲ್ಲಿರಲಿ.

ಗೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ 32 ಹಲ್ಲು, ಹಿಂದೆ 10–51 ಇದ್ದರೆ ನಿಮಿಷಕ್ಕೆ 80 ಸುತ್ತಿಗೆ ಟಾಪ್‌ನಲ್ಲಿ ಗಂಟೆಗೆ ಸುಮಾರು 35 ಕಿ.ಮೀ. ಬರುತ್ತದೆ, ಎದುರುಗಾಳಿಯ ಬಯಲಿಗೆ ಅಷ್ಟು ಸಾಕು. ಚೈನಿಗೆ ಎಣ್ಣೆ ಬದಲು ಮೇಣದ ಲೂಬ್. ಎಣ್ಣೆಗೆ ಎರೆಧೂಳು ಸೇರಿದರೆ ಸಾಣೆಹಿಟ್ಟು. ಡಿರೇಲರ್ (ಹಿಂದಿನ ಗೇರ್ ಬದಲಿಸುವ ಸಾಧನ) ತೂಗುಹಾಕುವ ಹ್ಯಾಂಗರ್ ‘ಯುಡಿಎಚ್’ ನಮೂನೆಯದಾಗಿರಲಿ, ಅದು ಬೇರೆ ಬೇರೆ ಕಂಪನಿಯ ಸೈಕಲ್‌ಗಳಿಗೆ ಒಂದೇ. ಬ್ರೇಕಿನಲ್ಲಿ ಒಂದು ಲಾಭನಷ್ಟ ಇದೆ. ಶಿಮಾನೊಗೆ ಮಿನರಲ್ ಆಯಿಲ್ ಬೇಕು, ಅದನ್ನು ತರಿಸಬೇಕು. ಡಾಟ್ ದ್ರವ ಕೇಳುವ ಸ್ರ್ಯಾಮ್ ಬ್ರೇಕಿಗೆ ಡಾಟ್ 4 ಮೋಟಾರ್‌ಸೈಕಲ್ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತದೆ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಸೀಲ್ ಉಬ್ಬಿ ಬ್ರೇಕ್ ಪೂರ್ತಿ ಹಾಳು, ಮಿಸ್ತ್ರಿಯ ಕೈಗೆ ಕೊಡುವಾಗ ಇದನ್ನು ಎರಡು ಸಲ ಹೇಳಿ.

ಫ್ರೇಮಿನೊಳಗೆ ಎಷ್ಟು ಬಾಟಲಿ ಹಿಡಿಯುತ್ತದೆ ಎಂದು ಕ್ಯಾಟಲಾಗ್ ಓದುವವರು ಕೇಳುವುದಿಲ್ಲ. ಬೇಸಿಗೆ ನಲವತ್ತು ದಾಟುವ ಊರಲ್ಲಿ ಅದು ತೂಕಕ್ಕಿಂತ ಮುಖ್ಯ. ಶಾಕ್ ಅಡ್ಡ ಬಂದು ಬಾಟಲಿಗೆ ಜಾಗವೇ ಇಲ್ಲದ ಸಣ್ಣ ಸೈಜಿನ ಫ್ರೇಮ್‌ಗಳಿವೆ. 750 ಮಿ.ಲೀ.ಯ ಬಾಟಲಿ ಒಯ್ದು ಅಂಗಡಿಯಲ್ಲೇ ಹಾಕಿ ತೆಗೆದು ನೋಡಿ. ಅಂದಹಾಗೆ, ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. ಚಂದ್ರಂಪಳ್ಳಿ ಕಡೆ ಸೈಕಲ್ ಇಳಿಸುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಕೇಳಬೇಕು.

ಹಳೆಯದನ್ನು ಕೊಳ್ಳುವುದಾದರೆ ನೋಡುವ ಕ್ರಮ ಹೀಗೆ. ಸೀಟು ಹಿಡಿದು ಮೆಲ್ಲಗೆ ಎತ್ತಿ. ಗಾಲಿ ನೆಲ ಬಿಡುವ ಮುಂಚೆ ಟಕ್ ಎಂದರೆ ಶಾಕ್ ಬುಶ್ ಅಥವಾ ಪಿವಟ್ ಸವೆದಿದೆ. ಶಾಕ್ ಬೋಲ್ಟ್ ಮೇಲೆ ಬೆರಳಿಟ್ಟು ಮತ್ತೆ ಎತ್ತಿದರೆ ಯಾವುದು ಎಂದು ಬೆರಳಿಗೇ ಗೊತ್ತಾಗುತ್ತದೆ. ಶಾಕ್ ಒತ್ತಿದಾಗ ಪಿಚಪಿಚ ಸದ್ದು ಬಂದರೆ ಎಣ್ಣೆಯೊಳಗೆ ಗಾಳಿ ಸೇರಿದೆ, ಪೂರ್ತಿ ಸರ್ವಿಸ್ ಖರ್ಚು ಬೆಲೆಯಲ್ಲಿ ಕಳೆಯಿರಿ. ಸ್ಟ್ಯಾಂಚಿಯನ್ ಮೇಲೆ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಳ್ಳುವ ಗೀರಿದ್ದರೆ ಬಿಟ್ಟುಬಿಡಿ. ಚೈನ್‌ಸ್ಟೇ ಬುಡ, ರಾಕರ್ (ಶಾಕನ್ನು ಒತ್ತುವ ಲಿಂಕು) ಸುತ್ತ, ಸೀಟ್ ಟ್ಯೂಬ್ ವೆಲ್ಡಿನ ಬಳಿ ಧೂಳು ಒರೆಸಿ ಟಾರ್ಚ್ ಹಿಡಿಯಿರಿ. ಒರೆಸಿದ ಮೇಲೂ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೆ ಅದು ಧೂಳಲ್ಲ, ಬಿರುಕು.

ಹೊಸದಕ್ಕೆ ಟೆಸ್ಟ್ ರೈಡ್ ಕೊಟ್ಟರೆ ಅಂಗಡಿ ಮುಂದಿನ ನುಣುಪು ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬರಬೇಡಿ. ಅಲ್ಲಿ ಮೆತ್ತಗಿರುವುದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಸ್ಯಾಗ್ ನಿಮ್ಮ ತೂಕಕ್ಕೆ ಹೊಂದಿಸಿಕೊಂಡು, ಹತ್ತಿರ ಎಲ್ಲಾದರೂ ರಸ್ತೆಗೆ ಅಡ್ಡ ಪಟ್ಟಿ ಪಟ್ಟಿಯಾಗಿ ಹಾಕಿದ ರಂಬಲ್ ಸ್ಟ್ರಿಪ್ ಹುಡುಕಿ, ಅದರ ಮೇಲೆ 15 ಕಿ.ಮೀ. ವೇಗದಲ್ಲಿ ಕೂತೇ ತುಳಿಯುತ್ತ ಹೋಗಿ. ಪೇಟೆಯಲ್ಲಿ ದನದ ಹೆಜ್ಜೆಗೆ ಅತಿ ಹತ್ತಿರದ್ದು ಅದೇ. ಶಾಕ್ ಬಿಗಿ ಸಡಿಲ ಮಾಡುವ ಲಿವರ್ ತೆರೆದು ಒಮ್ಮೆ, ನಡುವಿನ ಮೋಡ್‌ನಲ್ಲಿ ಒಮ್ಮೆ. ತೆರೆದಾಗಲೂ ಪೆಡಲ್ ಕುಣಿಸದೆ ಸಾಗಿದರೆ ಮಾತು ಮುಂದುವರಿಸಿ.

ಬಿಲ್ ಮಾಡಿಸುವಾಗಲೇ ಒಂದು ಹ್ಯಾಂಗರ್, ಒಂದು ಜೊತೆ ಬ್ರೇಕ್ ಪ್ಯಾಡ್, ಶಾಕ್ ಬುಶ್ ಒಂದು ಸೆಟ್, ಶಾಕ್ ಪಂಪ್ ಸೇರಿಸಿ. ಬಸ್ಸಿನ ಡಿಕ್ಕಿಯಲ್ಲಿ ತರುವುದಾದರೆ ಎರಡೂ ಗಾಲಿ ಬಿಚ್ಚಿ, ಡಿರೇಲರ್ ಕಳಚಿ ಚೈನ್‌ಸ್ಟೇಗೆ ಬಟ್ಟೆ ಸುತ್ತಿ ಕಟ್ಟಿ. ಬ್ರೇಕ್ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟಿನ ತುಂಡು ತುರುಕಲು ಮರೆಯಬೇಡಿ. ದಾರಿಯಲ್ಲಿ ಯಾರದೋ ಚೀಲ ಲಿವರ್ ಒತ್ತಿದರೆ ಪಿಸ್ಟನ್‌ಗಳು ಹೊರಬಂದು ಕೂತುಬಿಡುತ್ತವೆ, ಮನೆಗೆ ಬಂದು ಗಾಲಿ ಹಾಕಲು ಹೋದರೆ ಡಿಸ್ಕ್ ಒಳಗೆ ಹೋಗುವುದಿಲ್ಲ.